ಕಾಣದ ನಕ್ಷತ್ರಗಳ ವೇಗವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಇದೆ. ಕುಯ್ಲು ಮುಗಿದ ಮೇಲೆ ಅದನ್ನು ಕಣದಲ್ಲಿಟ್ಟು ಕನ್ಯಾ ರಾಶಿಯ ಗ್ಯಾಲಕ್ಸಿಗಳನ್ನು ನೋಡುತ್ತೇನೆ. ಎಂ 87 ಬರೀ ಒಂದು ಮಸುಕು ಮಚ್ಚೆ. ಒಂದು ನಕ್ಷತ್ರವೂ ಬಿಡಿಯಾಗಿ ಕಾಣುವುದಿಲ್ಲ. ಆದರೆ ಅದರ ನಡುಭಾಗದ ನಕ್ಷತ್ರಗಳ ವೇಗ ಸೆಕೆಂಡಿಗೆ 300 ಕಿ.ಮೀ.ಗಿಂತ ಜಾಸ್ತಿ ಎಂದು ಓದಿದೆ. ಒಂದೂ ಕಾಣದಿರುವಾಗ ಹೇಗೆ ಅಳೆದರು? ಅದು ಗ್ಯಾಲಕ್ಸಿ ನಮ್ಮಿಂದ ದೂರ ಓಡುವ ವೇಗವೇ? ನನ್ನಂಥವರು ಮನೆಯಲ್ಲೇ ಇದನ್ನು ಅಳೆಯಬಹುದೇ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಆ ಗೊಂದಲ ಬಗೆಹರಿದರೆ ಮುಂದಿನದು ಸಲೀಸು.

ಆ 300 ಕಿ.ಮೀ. ಗ್ಯಾಲಕ್ಸಿ ದೂರ ಸರಿಯುವ ವೇಗವಲ್ಲ. ಎಂ 87 ಇರುವುದು ಒಂದು ಗ್ಯಾಲಕ್ಸಿ ಗುಚ್ಛದಲ್ಲಿ, ಅಂದರೆ ಗುರುತ್ವ ಒಟ್ಟಿಗೆ ಹಿಡಿದಿಟ್ಟಿರುವ ಗ್ಯಾಲಕ್ಸಿಗಳ ಗುಂಪಿನಲ್ಲಿ. ಗುಚ್ಛದ ವಿಷಯಕ್ಕೆ ಬಂದರೆ ಮೂರು ಬೇರೆ ಬೇರೆ ವೇಗಗಳಿವೆ. ವಿಶ್ವ ಹಿಗ್ಗುತ್ತಿರುವುದರಿಂದ ಇಡೀ ಗುಚ್ಛ ನಮ್ಮಿಂದ ದೂರ ಹೋಗುತ್ತಿದೆ, ಇದು ಒಂದು. ಗುಚ್ಛದೊಳಗೆ ಪ್ರತಿ ಗ್ಯಾಲಕ್ಸಿಯೂ ಗುರುತ್ವದ ಸೆಳೆತಕ್ಕೆ ಸಿಕ್ಕಿ ಅತ್ತಿತ್ತ ಓಡುತ್ತಿದೆ, ಇದು ಎರಡು. ಆ ಒಂದೊಂದು ಗ್ಯಾಲಕ್ಸಿಯ ಹೊಟ್ಟೆಯೊಳಗೆ ನಕ್ಷತ್ರಗಳು ಓಡಾಡುತ್ತಿವೆ, ಇದು ಮೂರು. ನೀವು ಓದಿದ್ದು ಮೂರನೆಯದರ ಬಗ್ಗೆ.

ಮೊದಲ ಎರಡರ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಸಾಕ್ಷಿ ನಿಮ್ಮ ಟೆಲಿಸ್ಕೋಪಿನಲ್ಲೇ ಸಿಗುತ್ತದೆ. ಕಡಿಮೆ ಪವರಿನ ಐಪೀಸ್ ಹಾಕಿ ಎಂ 84 ಮತ್ತು ಎಂ 86 ನೋಡಿ. ಎರಡೂ ಒಂದೇ ನೋಟಕ್ಕೆ ಸಿಗುತ್ತವೆ, ಎರಡೂ ಕನ್ಯಾ ಗುಚ್ಛದವು. ಎಂ 84 ನಮ್ಮಿಂದ ಸೆಕೆಂಡಿಗೆ ಸುಮಾರು 1,000 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿದೆ. ಪಕ್ಕದ ಎಂ 86 ನಮ್ಮ ಕಡೆಗೇ ಸೆಕೆಂಡಿಗೆ 200 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಬರುತ್ತಿದೆ! ಗುಚ್ಛದೊಳಗಿನ ಅದರ ಓಟ ಅಷ್ಟು ಜೋರಾಗಿದೆ. ವಿಶ್ವ ಹಿಗ್ಗುವ ವೇಗವನ್ನೂ ಅದು ಮೀರಿಸಿದೆ. ಎಂ 87 ದೂರ ಸರಿಯುವ ವೇಗ ಸೆಕೆಂಡಿಗೆ ಸುಮಾರು 1,280 ಕಿ.ಮೀ. ಅದರೊಳಗಿನ ನಕ್ಷತ್ರಗಳ ಓಡಾಟ ಇದರ ಮೇಲೆ ಬೇರೆಯಾಗಿ ಸೇರಿಕೊಂಡಿದೆ.

ಈಗ ಮುಖ್ಯ ಪ್ರಶ್ನೆ. ಎಂ 87 ಇರುವುದು ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಅದರ ನಡುಭಾಗದಲ್ಲಿ ನಕ್ಷತ್ರಗಳು ಎಷ್ಟು ಒತ್ತಾಗಿವೆ ಎಂದರೆ, ಎಷ್ಟೇ ದೊಡ್ಡ ಟೆಲಿಸ್ಕೋಪಿಗೂ ಅವು ಬಿಡಿಬಿಡಿಯಾಗಿ ಸಿಗುವುದಿಲ್ಲ. ಸಿಗುವುದು ಕೋಟ್ಯಂತರ ನಕ್ಷತ್ರಗಳ ಬೆಳಕು ಸೇರಿದ ಒಂದೇ ಮಸುಕು. ಆ ಬೆಳಕನ್ನು ಸ್ಪೆಕ್ಟ್ರೋಗ್ರಾಫಿಗೆ ಬಿಟ್ಟರೆ ಅದು ಬಣ್ಣಬಣ್ಣವಾಗಿ ಹರಡಿಕೊಳ್ಳುತ್ತದೆ. ಆ ರೋಹಿತದ ನಡುನಡುವೆ ಕಪ್ಪು ಗೆರೆಗಳು ಇರುತ್ತವೆ. ನಕ್ಷತ್ರದ ಹೊರಪದರದಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಸೋಡಿಯಂ ಪರಮಾಣುಗಳು ತಮಗೆ ಬೇಕಾದ ಬಣ್ಣವನ್ನು ಹೀರಿಕೊಂಡ ಗುರುತು ಅವು. ಮೆಗ್ನೀಸಿಯಂನ ಮೂರು ಗೆರೆಗಳು 5167, 5173, 5184 ಆಂಗ್‌ಸ್ಟ್ರಾಮ್ ಹತ್ತಿರ ಇವೆ, ಅಂದರೆ ಹಸಿರು ಬೆಳಕಿನಲ್ಲಿ (ಆಂಗ್‌ಸ್ಟ್ರಾಮ್ ಎಂದರೆ ಬೆಳಕಿನ ಅಲೆಯ ಉದ್ದ ಅಳೆಯುವ ಮಾನ). ಕ್ಯಾಲ್ಸಿಯಂನ ಇನ್ನೊಂದು ಮೂರರ ಗುಂಪು 8498, 8542, 8662ರಲ್ಲಿ ಇದೆ. ಅದು ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು.

ನಕ್ಷತ್ರ ನಮ್ಮ ಕಡೆ ಬಂದರೆ ಗೆರೆ ನೀಲಿಯತ್ತ ಸರಿಯುತ್ತದೆ. ದೂರ ಹೋದರೆ ಕೆಂಪಿನತ್ತ ಸರಿಯುತ್ತದೆ. ಇದು ಡಾಪ್ಲರ್ ಪರಿಣಾಮ, ನಿಮಗೆ ಗೊತ್ತಿರುವುದೇ. ಎಷ್ಟು ಸರಿಯುತ್ತದೆ ಎಂಬುದು ನಕ್ಷತ್ರದ ವೇಗ ಬೆಳಕಿನ ವೇಗದ ಎಷ್ಟನೇ ಒಂದು ಪಾಲು ಎಂಬುದರ ಮೇಲೆ ನಿಂತಿದೆ. ಸೆಕೆಂಡಿಗೆ 300 ಕಿ.ಮೀ. ಅಂದರೆ ಬೆಳಕಿನ ವೇಗದ ಸಾವಿರದಲ್ಲಿ ಒಂದು ಪಾಲು. ಹಾಗಾಗಿ 5175 ಆಂಗ್‌ಸ್ಟ್ರಾಮಿನ ಗೆರೆ ಬರೀ 5 ಆಂಗ್‌ಸ್ಟ್ರಾಮ್ ಆಚೀಚೆ ಆಗುತ್ತದೆ.

ಗ್ಯಾಲಕ್ಸಿಯೊಳಗೆ ಕೆಲವು ನಕ್ಷತ್ರ ನಮ್ಮತ್ತ ಬರುತ್ತಿವೆ, ಕೆಲವು ಅತ್ತ ಹೋಗುತ್ತಿವೆ, ಕೆಲವು ಅಡ್ಡ ಓಡುತ್ತಿವೆ. ಪ್ರತಿಯೊಂದರ ಗೆರೆಯೂ ತನ್ನ ವೇಗಕ್ಕೆ ತಕ್ಕಷ್ಟು ಸರಿದಿರುತ್ತದೆ. ಕೋಟ್ಯಂತರ ಗೆರೆಗಳು ಒಂದರ ಮೇಲೊಂದು ಬಿದ್ದಾಗ ಏನಾಗುತ್ತದೆ? ಚೂಪಾಗಿ ಇರಬೇಕಿದ್ದ ಗೆರೆ ಅಗಲವಾಗುತ್ತದೆ, ತೆಳುವಾಗುತ್ತದೆ, ಅಕ್ಕಪಕ್ಕದ ಗೆರೆಗಳ ಜೊತೆ ಕಲೆಸಿಹೋಗುತ್ತದೆ. ಆ ಅಗಲವೇ ನಮ್ಮ ಅಳತೆ.

ನೀವು ಕಾಫಿಯವರು, ಆದ್ದರಿಂದ ಹೀಗೆ ಹೇಳಬಹುದು. ಎರಡು ತೋಟಗಳ ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಹೋಗಿದೆ. ಎರಡರಲ್ಲೂ ಬೀಜದ ಸರಾಸರಿ ಗಾತ್ರ ಒಂದೇ. ಆದರೆ ಒಂದರಲ್ಲಿ ಬೀಜವೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವು. ಇನ್ನೊಂದರಲ್ಲಿ ದಪ್ಪ ಎಎ ಇದೆ, ಎ ಇದೆ, ಬಿ ಇದೆ, ಸಣ್ಣ ಸಿ ಕೂಡ ಇದೆ. ಸರಾಸರಿ ಕೇಳಿದರೆ ಎರಡೂ ಒಂದೇ, ಜರಡಿ ಹಿಡಿದರೆ ಬೇರೆ ಬೇರೆ. ಗ್ಯಾಲಕ್ಸಿಯಲ್ಲೂ ಹಾಗೇ. ಗೆರೆಯ ನಡು ಎಲ್ಲಿದೆ ಎಂಬುದು ಸರಾಸರಿ ವೇಗ. ಎಂ 87ರ 1,280 ಕಿ.ಮೀ. ಅಲ್ಲಿಂದ ಬಂತು. ಗೆರೆ ಎಷ್ಟು ಹರಡಿದೆ ಎಂಬುದು ವೇಗಗಳ ಹರವು. ಆ ಹರವಿಗೆ ಖಗೋಳದವರು ಸಿಗ್ಮಾ ಎನ್ನುತ್ತಾರೆ. ಸಿಗ್ಮಾ 300 ಎಂದರೆ, ಸುಮಾರು ಮೂರರಲ್ಲಿ ಎರಡು ಪಾಲು ನಕ್ಷತ್ರಗಳ ವೇಗ, ನಮ್ಮ ದೃಷ್ಟಿಯ ದಿಕ್ಕಿನಲ್ಲಿ, ಸರಾಸರಿಗಿಂತ 300 ಹೆಚ್ಚು ಮತ್ತು 300 ಕಡಿಮೆ ಇವುಗಳ ನಡುವೆ ಇದೆ ಎಂದು ಅರ್ಥ. ಎಲ್ಲ ನಕ್ಷತ್ರಗಳೂ 300ರಲ್ಲೇ ಓಡುತ್ತಿವೆ ಎಂದಲ್ಲ. ಪುಸ್ತಕಗಳಲ್ಲಿ ಇದನ್ನು ಸುಮ್ನೆ "ನಕ್ಷತ್ರಗಳ ವೇಗ" ಎಂದು ಬರೆದುಬಿಡುತ್ತಾರೆ. ಅದರಿಂದಲೇ ನಿಮ್ಮ ಗೊಂದಲ ಹುಟ್ಟಿದ್ದು.

ಸಿಗ್ಮಾ ಅಳೆಯುವುದು ಹೆಚ್ಚಾಗಿ ಎಂ 87ರಂಥ ಕೆಂಪು ಗ್ಯಾಲಕ್ಸಿಗಳಲ್ಲಿ. ಕೆಂಪು ಗ್ಯಾಲಕ್ಸಿಗಳೇ ಯಾಕೆ? ಗುಚ್ಛಗಳ ನಡುಭಾಗದಲ್ಲಿ ಇರುವುದು ಬಹುಪಾಲು ಅವೇ. ಅಲ್ಲಿ ಹೊಸ ನಕ್ಷತ್ರ ಹುಟ್ಟುವುದು ಹೆಚ್ಚುಕಡಿಮೆ ನಿಂತುಹೋಗಿ ಬಹಳ ಕಾಲವಾಗಿದೆ. ನೀಲಿಯಾಗಿ ಹೊಳೆಯುವ ನಕ್ಷತ್ರಗಳ ಆಯಸ್ಸು ಕಡಿಮೆ, ಅವು ಸತ್ತುಹೋಗಿವೆ. ಉಳಿದದ್ದು ಹಳೆಯ, ತಣ್ಣಗಿನ, ಕೆಂಪು ಬೆಳಕಿನ ನಕ್ಷತ್ರಗಳು. ನಮ್ಮ ಕ್ಷೀರಪಥದಂಥ ಸುರುಳಿ ಗ್ಯಾಲಕ್ಸಿಗಳಲ್ಲಿ ಅನಿಲ ಜಾಸ್ತಿ. ಅನಿಲ ಹೊಳೆಯುವ ಗೆರೆಗಳನ್ನು ಕೊಡುತ್ತದೆ, ತಟ್ಟೆ ಹೇಗೆ ತಿರುಗುತ್ತಿದೆ ಎಂದು ಅದರಿಂದ ಸುಲಭವಾಗಿ ಹೇಳಬಹುದು. ಕೆಂಪು ಗ್ಯಾಲಕ್ಸಿಯಲ್ಲಿ ಆ ಅನುಕೂಲ ಇಲ್ಲ. ನಕ್ಷತ್ರಗಳ ಕಪ್ಪು ಗೆರೆಗಳನ್ನೇ ನಂಬಬೇಕು.

ಆದರೆ ಇನ್ನೊಂದು ರೀತಿಯಲ್ಲಿ ನೋಡಿದರೆ ಕೆಂಪು ಗ್ಯಾಲಕ್ಸಿಯೇ ಒಳ್ಳೆಯದು. ಬಿಸಿಯಾದ ಎಳೆಯ ನಕ್ಷತ್ರಗಳು ತಮ್ಮ ಸುತ್ತ ತಾವೇ ಜೋರಾಗಿ ತಿರುಗುತ್ತವೆ. ಅವುಗಳ ಗೆರೆಗಳು ಹುಟ್ಟಾ ಅಗಲ. ಹಳೆಯ ಕೆಂಪು ದೈತ್ಯ ನಕ್ಷತ್ರಗಳು ನಿಧಾನ ತಿರುಗುತ್ತವೆ, ಅವುಗಳಲ್ಲಿ ಗೆರೆಗಳು ತುಂಬಾ, ಮತ್ತು ಚೂಪು. ಚೂಪಾದ ಗೆರೆ ಅಗಲವಾಗಿ ಕಂಡರೆ ಓಡಾಟವೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು.

ಧೈರ್ಯವಾಗಿ ಎಂದೆ. ಆದರೆ ನನ್ನ ಪ್ರಕಾರ ಈ ಇಡೀ ಕೆಲಸದ ಕಷ್ಟ ಇರುವುದು ಇಲ್ಲೇ. ಗೆರೆಯ ಅಗಲ ಅಳೆಯುವುದು ದೊಡ್ಡ ವಿಷಯವಲ್ಲ. ನಕ್ಷತ್ರಗಳು ಓಡಾಡದೆ ನಿಂತಿದ್ದರೆ ಆ ಗೆರೆ ಎಷ್ಟು ಅಗಲ ಇರುತ್ತಿತ್ತು ಎಂದು ತಿಳಿಯುವುದೇ ದೊಡ್ಡದು. ಅದು ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಉಪಕರಣ. ಸ್ಪೆಕ್ಟ್ರೋಗ್ರಾಫ್ ಎಷ್ಟೇ ಒಳ್ಳೆಯದಾದರೂ ತಾನೇ ಗೆರೆಯನ್ನು ಒಂದಿಷ್ಟು ಮಸುಕು ಮಾಡುತ್ತದೆ. ಅದರ ಬಿಡಿಸುವ ಶಕ್ತಿ 2000 ಎಂದುಕೊಳ್ಳಿ. ಅಂದರೆ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಬಣ್ಣದ ವ್ಯತ್ಯಾಸವನ್ನು ಅದು ಬೇರೆ ಮಾಡಿ ತೋರಿಸಬಲ್ಲದು. ಲೆಕ್ಕ ಹಾಕಿದರೆ ಉಪಕರಣದ್ದೇ ಹರವು ಸೆಕೆಂಡಿಗೆ ಸುಮಾರು 64 ಕಿ.ಮೀ. ಆಗುತ್ತದೆ. ನಮಗೆ ಕಾಣುವ ಅಗಲದಲ್ಲಿ ಗ್ಯಾಲಕ್ಸಿಯದ್ದೂ ಇದೆ, ಉಪಕರಣದ್ದೂ ಇದೆ. ಇವು ನೇರವಾಗಿ ಕೂಡುವುದಿಲ್ಲ, ವರ್ಗಗಳಾಗಿ ಕೂಡುತ್ತವೆ. ಗ್ಯಾಲಕ್ಸಿಯದ್ದು 200 ಇದ್ದರೆ ಕಾಣುವುದು 210. ಹತ್ತೇ ಕಿ.ಮೀ. ವ್ಯತ್ಯಾಸ, ಅಲ್ವಾ? ಅದೇ ಗುಚ್ಛದ ಒಂದು ಕುಬ್ಜ ಗ್ಯಾಲಕ್ಸಿ ತಗೊಳ್ಳಿ, ಅದರದ್ದು 30. ಕಾಣುವುದು ಸುಮಾರು 71. ಅದರಲ್ಲಿ ಬಹುಪಾಲು ಉಪಕರಣದ್ದೇ!

ಈಗ ಉಪಕರಣದ ಮಸುಕನ್ನು ನೀವು ಶೇಕಡ 10ರಷ್ಟು ಜಾಸ್ತಿ ಅಂದಾಜು ಮಾಡಿದಿರಿ ಎಂದುಕೊಳ್ಳಿ. ದೊಡ್ಡ ಗ್ಯಾಲಕ್ಸಿಗೆ 200ರ ಬದಲು 198 ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಚಿಕ್ಕದಕ್ಕೆ 30ರ ಬದಲು ಸುಮಾರು 6 ಬರುತ್ತದೆ. ಅದು ಬೇರೆಯದೇ ಗ್ಯಾಲಕ್ಸಿ ಆಗಿಬಿಟ್ಟಿತು. ಲಕ್ಷಾಂತರ ರೋಹಿತಗಳನ್ನು ತೆಗೆದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಎಂಬ ಆಕಾಶ ಸಮೀಕ್ಷೆಯ ರೋಹಿತಗಳಿಂದ ಸೆಕೆಂಡಿಗೆ ಸುಮಾರು 70 ಕಿ.ಮೀ.ಗಿಂತ ಕಡಿಮೆ ಸಿಗ್ಮಾ ಬಂದರೆ ಅದನ್ನು ನಂಬಬೇಡಿ ಎನ್ನುವುದು ಇದೇ ಕಾರಣಕ್ಕೆ. ಕುಬ್ಜ ಗ್ಯಾಲಕ್ಸಿಗಳಿಗೆ ಇನ್ನೂ ಚೆನ್ನಾಗಿ ಬಿಡಿಸುವ ಉಪಕರಣ ಬೇಕು.

ಉಪಕರಣದ ಮಸುಕು ತಿಳಿಯುವುದು ಹೇಗೆ? ಗ್ಯಾಲಕ್ಸಿ ನೋಡುವ ಮೊದಲೋ ಆಮೇಲೋ ನಿಯಾನ್, ಆರ್ಗಾನ್ ದೀಪದ ಬೆಳಕನ್ನು ಅದೇ ಉಪಕರಣಕ್ಕೆ ಬಿಡುತ್ತಾರೆ. ದೀಪದ ಗೆರೆಗಳು ತೀರಾ ಚೂಪು. ಅವು ಅಗಲವಾಗಿ ಕಂಡರೆ ಅದೆಲ್ಲ ಉಪಕರಣದ್ದು. ಈ ಮಸುಕು ನೀಲಿಯಿಂದ ಕೆಂಪಿಗೆ ಬರುವಾಗ ಬದಲಾಗುತ್ತದೆ. ಸ್ಲೋನ್‌ನಂತಹ ಕೆಲಸದಲ್ಲಿ ಒಂದೊಂದು ಗ್ಯಾಲಕ್ಸಿಗೂ ಒಂದೊಂದು ಫೈಬರ್ ಎಳೆ ಇರುತ್ತದೆ, ಎಳೆಯಿಂದ ಎಳೆಗೂ ಮಸುಕು ಬದಲಾಗುತ್ತದೆ. ಒಂದೇ ಸಂಖ್ಯೆ ಎಲ್ಲದಕ್ಕೂ ಹಾಕುವಂತಿಲ್ಲ.

ಎರಡನೆಯದು, ಹೋಲಿಸುವ ನಕ್ಷತ್ರ. ಗ್ಯಾಲಕ್ಸಿಯ ಗೆರೆ ಎಷ್ಟು ಹರಡಿದೆ ಎಂದು ಹೇಳಲು ಹರಡದ ಮಾದರಿ ಬೇಕಲ್ಲ. ಅದಕ್ಕೆ ನಮ್ಮದೇ ಕ್ಷೀರಪಥದ ಹತ್ತಿರದ ನಕ್ಷತ್ರಗಳ ರೋಹಿತ ತಗೊಳ್ಳುತ್ತಾರೆ, ಹೆಚ್ಚಾಗಿ ಕೆ ವರ್ಗದ ಕೆಂಪು ದೈತ್ಯಗಳದ್ದು. ಆ ಮಾದರಿಯನ್ನು ಕಂಪ್ಯೂಟರಿನಲ್ಲಿ 100ರಷ್ಟು ಮಸುಕು ಮಾಡಿ, 150ರಷ್ಟು ಮಾಡಿ, 200ರಷ್ಟು ಮಾಡಿ, ಯಾವುದು ಗ್ಯಾಲಕ್ಸಿಯ ರೋಹಿತದ ಮೇಲೆ ಸರಿಯಾಗಿ ಕೂರುತ್ತದೆ ಎಂದು ನೋಡುತ್ತಾರೆ. ಸರಿಯಾಗಿ ಕೂತದ್ದೇ ಸಿಗ್ಮಾ. 1970ರ ದಶಕದ ಕೊನೆಯ ಹೊತ್ತಿಗೆ ಇದಕ್ಕೆ ಗಣಿತದ ಒಳ್ಳೊಳ್ಳೆ ದಾರಿಗಳು ಬಂದವು. ಇವತ್ತು ಹೆಚ್ಚು ಜನ ಬಳಸುವುದು 2004ರಲ್ಲಿ ಕಪೆಲ್ಲಾರಿ ಮತ್ತು ಎಮ್ಸೆಲ್ಲೆಮ್ ಪ್ರಕಟಿಸಿದ ಪಿಪಿಎಕ್ಸ್‌ಎಫ್ ಎಂಬ ವಿಧಾನ. ಅದು ಒಂದೇ ನಕ್ಷತ್ರವನ್ನು ನೆಚ್ಚಿಕೊಳ್ಳುವುದಿಲ್ಲ. ನೂರಾರು ಮಾದರಿಗಳಿಂದ ಬೇಕಾದಷ್ಟು ಬೆರೆಸಿ ಸರಿಯಾದ ಮಿಶ್ರಣವನ್ನು ತಾನೇ ಹುಡುಕುತ್ತದೆ, ಜೊತೆಗೇ ವೇಗವನ್ನೂ ಹರವನ್ನೂ ಹುಡುಕುತ್ತದೆ.

ಮಾದರಿ ಹೊಂದದಿದ್ದರೆ ಸಿಗ್ಮಾ ಮೋಸ ಮಾಡುತ್ತದೆ. ಇದಕ್ಕೆ ಮೆಗ್ನೀಸಿಯಂ ಒಳ್ಳೆಯ ಉದಾಹರಣೆ. ಗುಚ್ಛದ ದೊಡ್ಡ ಕೆಂಪು ಗ್ಯಾಲಕ್ಸಿಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಜಾಸ್ತಿ. ಅವುಗಳ ನಕ್ಷತ್ರಗಳೆಲ್ಲ ಶುರುವಿನಲ್ಲೇ ಬೇಗಬೇಗ ಹುಟ್ಟಿದವು. ಭಾರೀ ನಕ್ಷತ್ರಗಳು ಸಿಡಿದು ಮೆಗ್ನೀಸಿಯಂ ಬೇಗ ಚೆಲ್ಲಿದವು. ಕಬ್ಬಿಣ ಕೊಡುವ ಇನ್ನೊಂದು ಬಗೆಯ ಸಿಡಿತಗಳು ನಿಧಾನವಾಗಿ ಬರುತ್ತವೆ. ಅವು ಬರುವಷ್ಟರಲ್ಲಿ ನಕ್ಷತ್ರ ಹುಟ್ಟುವುದೇ ನಿಂತಿತ್ತು. ನಮ್ಮ ಸೂರ್ಯನ ಅಕ್ಕಪಕ್ಕದ ನಕ್ಷತ್ರಗಳಲ್ಲಿ ಈ ಪ್ರಮಾಣ ಬೇರೆ. ಅವನ್ನೇ ಮಾದರಿ ಮಾಡಿದರೆ ಮೆಗ್ನೀಸಿಯಂ ಗೆರೆ ಸರಿಯಾಗಿ ಕೂರುವುದಿಲ್ಲ. ಲೆಕ್ಕ ಆ ಕೊರತೆಯನ್ನು ವೇಗದ ತಲೆಗೆ ಕಟ್ಟುತ್ತದೆ. ಅದಕ್ಕೇ ಅನುಭವಸ್ಥರು ಆ ಮೂರು ಗೆರೆಗಳನ್ನು ಬಿಟ್ಟು ಅಕ್ಕಪಕ್ಕದ ಕಬ್ಬಿಣದ ಗೆರೆಗಳಿಂದ ಒಮ್ಮೆ ಲೆಕ್ಕ ಹಾಕಿ ನೋಡುತ್ತಾರೆ. ಸೋಡಿಯಂ ಗೆರೆಯಲ್ಲಿ ನಕ್ಷತ್ರಗಳ ನಡುವಿನ ಅನಿಲವೂ ಕೈ ಹಾಕಿರುತ್ತದೆ, ಅದನ್ನೂ ಎಷ್ಟೋ ಸಲ ಬಿಡಬೇಕಾಗುತ್ತದೆ. ನೀಲಿ ತುದಿಯ ಕ್ಯಾಲ್ಸಿಯಂ ಎಚ್ ಮತ್ತು ಕೆ ಗೆರೆಗಳು ಎದ್ದು ಕಾಣುತ್ತವೆ, ಆದರೆ ಸ್ವಭಾವದಿಂದಲೇ ತೀರಾ ಅಗಲ, ಹರವಿಗೆ ಅಷ್ಟು ಒಳ್ಳೆಯದಲ್ಲ. ಯಾರಾದರೂ ಸಿಗ್ಮಾ ಹೇಳಿದರೆ ನಾನು ಮೊದಲು ಕೇಳುವುದೇ ಯಾವ ಗೆರೆಗಳಿಂದ ತೆಗೆದಿರಿ ಎಂದು.

ಮೂರನೆಯದು, ಗ್ಯಾಲಕ್ಸಿಯ ಎಷ್ಟು ಭಾಗದ ಬೆಳಕು ಎಂಬುದು. ಸಾಮಾನ್ಯವಾಗಿ ನಡುವಿನಲ್ಲಿ ಹರವು ಜಾಸ್ತಿ, ಹೊರಗೆ ಹೋದಂತೆ ನಿಧಾನವಾಗಿ ಇಳಿಯುತ್ತದೆ. ಸ್ಲೋನ್‌ನ ಹಳೆಯ ಫೈಬರ್ ಎಳೆ ಆಕಾಶದಲ್ಲಿ 3 ಆರ್ಕ್‌ಸೆಕೆಂಡ್ ಅಗಲದ ಬೆಳಕನ್ನು ಹಿಡಿಯುತ್ತದೆ (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಪಾಲು). ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದ ಕೋಮಾ ಗುಚ್ಛದಲ್ಲಿ ಅದು ನಾಲ್ಕೂವರೆ ಸಾವಿರ ಜ್ಯೋತಿರ್ವರ್ಷಕ್ಕಿಂತ ಸ್ವಲ್ಪ ಹೆಚ್ಚು ಅಗಲ, ಅಂದರೆ ಗ್ಯಾಲಕ್ಸಿಯ ಒಳತಿರುಳು ಮಾತ್ರ. ಇನ್ನೂ ದೂರದ ಗುಚ್ಛದಲ್ಲಿ ಅದೇ ಎಳೆಗೆ ಗ್ಯಾಲಕ್ಸಿಯ ಬಹುಭಾಗ ಸಿಗುತ್ತದೆ. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅನ್ಯಾಯ. ಒಂದೇ ಅಳತೆಯ ಭಾಗಕ್ಕೆ ತಂದು ಹೋಲಿಸಬೇಕು. ತಿದ್ದುಪಡಿ ಸಣ್ಣದೇ, ಶೇಕಡ ಕೆಲವು ಮಾತ್ರ. ಆದರೆ ಗ್ಯಾಲಕ್ಸಿಗಳ ಇತಿಹಾಸ ಅಡಗಿರುವುದೂ ಅಂಥ ಸಣ್ಣ ವ್ಯತ್ಯಾಸಗಳಲ್ಲೇ.

ಇಷ್ಟೆಲ್ಲ ಕಷ್ಟಪಟ್ಟು ಒಂದು ಸಂಖ್ಯೆ ತೆಗೆದು ಏನು ಮಾಡುತ್ತಾರೆ ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ.

ನಕ್ಷತ್ರ ಜೋರಾಗಿ ಓಡಿದರೂ ಗ್ಯಾಲಕ್ಸಿ ಬಿಟ್ಟು ಹೋಗದೆ ನಿಂತಿದೆ ಅಂದರೆ ಅದನ್ನು ಹಿಡಿದಿಡುವಷ್ಟು ತೂಕ ಒಳಗಿದೆ ಎಂದರ್ಥ. ಸಿಗ್ಮಾದ ವರ್ಗವನ್ನು ಗ್ಯಾಲಕ್ಸಿಯ ಗಾತ್ರದಿಂದ ಗುಣಿಸಿ, ಗುರುತ್ವದ ಸ್ಥಿರಾಂಕದಿಂದ ಭಾಗಿಸಿ, ಸುಮಾರು 5ರಿಂದ ಗುಣಿಸಿದರೆ ದ್ರವ್ಯರಾಶಿ ಸಿಗುತ್ತದೆ. ಗಾತ್ರ ಎಂದರೆ ಅರ್ಧ ಬೆಳಕು ಒಳಗೆ ಬರುವಷ್ಟು ತ್ರಿಜ್ಯ. ಸಿಗ್ಮಾ 200, ತ್ರಿಜ್ಯ 16 ಸಾವಿರ ಜ್ಯೋತಿರ್ವರ್ಷ ಇದ್ದರೆ ಸುಮಾರು 23 ಸಾವಿರ ಕೋಟಿ ಸೂರ್ಯರ ತೂಕ. ಸಿಗ್ಮಾ ವರ್ಗವಾಗಿ ಬರುವುದರಿಂದ ಅದು ಶೇಕಡ 10ರಷ್ಟು ತಪ್ಪಿದರೆ ತೂಕ ಶೇಕಡ 20ರಷ್ಟು ತಪ್ಪುತ್ತದೆ. ಮೇಲೆ ಮಸುಕಿನ ಬಗ್ಗೆ ಅಷ್ಟು ಹೇಳಿದ್ದು ಅದಕ್ಕೇ.

1976ರಲ್ಲಿ ಸಾಂಡ್ರಾ ಫೇಬರ್ ಮತ್ತು ರಾಬರ್ಟ್ ಜಾಕ್ಸನ್ ಒಂದು ನಂಟನ್ನು ತೋರಿಸಿದರು. ಸಿಗ್ಮಾ ಜಾಸ್ತಿ ಇರುವ ದೀರ್ಘವೃತ್ತದ (ಎಂ 87ರಂಥ, ಸುರುಳಿ ಇಲ್ಲದ) ಗ್ಯಾಲಕ್ಸಿ ಹೆಚ್ಚು ಪ್ರಕಾಶಮಾನ, ಸುಮಾರಾಗಿ ಸಿಗ್ಮಾದ ನಾಲ್ಕನೇ ಘಾತದಷ್ಟು. 1987ರಲ್ಲಿ ಎರಡು ತಂಡಗಳು ಇದಕ್ಕೆ ಗಾತ್ರವನ್ನೂ ಸೇರಿಸಿ ಇನ್ನೂ ಬಿಗಿಯಾದ ಸಂಬಂಧ ಕಂಡುಕೊಂಡವು. ಸಿಗ್ಮಾ ಅಳೆಯಲು ದೂರ ಗೊತ್ತಿರಬೇಕಿಲ್ಲ. ಆದ್ದರಿಂದ ಇದನ್ನು ತಿರುಗಿಸಿ ದೂರ ಅಳೆಯುವುದಕ್ಕೂ ಬಳಸಿದರು. ಸಿಗ್ಮಾ ದೊಡ್ಡದಾದಷ್ಟೂ ನಕ್ಷತ್ರಗಳು ಹಳೆಯವು, ಲೋಹಗಳು ಜಾಸ್ತಿ, ಬಣ್ಣ ಇನ್ನಷ್ಟು ಕೆಂಪು. ಬರೀ ಹೊಳಪು ನೋಡಿ ಊಹಿಸುವುದಕ್ಕಿಂತ ಸಿಗ್ಮಾ ನೋಡಿ ಊಹಿಸಿದರೆ ಒಂದು ಕೆಂಪು ಗ್ಯಾಲಕ್ಸಿಯ ಹಿಂದಿನ ಕಥೆ ಚೆನ್ನಾಗಿ ಹೇಳಬಹುದು. 2000ದಲ್ಲಿ ಇನ್ನೂ ವಿಚಿತ್ರವಾದದ್ದು ಹೊರಬಂತು. ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ತೂಕಕ್ಕೂ ಸಿಗ್ಮಾಕ್ಕೂ ನೇರ ನಂಟು ಇದೆ. ಅಷ್ಟು ದೂರದ ನಕ್ಷತ್ರಗಳ ಮೇಲೆ ಕಪ್ಪುಕುಳಿಯ ಸೆಳೆತ ನೇರವಾಗಿ ನಡೆಯುವುದಿಲ್ಲ. ಆದರೂ ನಂಟು ಇದೆ, ಅಂದರೆ ಎರಡೂ ಜೊತೆಯಾಗಿ ಬೆಳೆದಿವೆ.

ನಿಮ್ಮ ಎಂ 87 ಈ ಕಥೆಯಲ್ಲಿ ದೊಡ್ಡ ಪಾತ್ರ. ಅದರ ಕಪ್ಪುಕುಳಿಯ ತೂಕದ ಬಗ್ಗೆ ಬಹಳ ಕಾಲ ಎರಡು ಉತ್ತರಗಳಿದ್ದವು. ಹತ್ತಿರದ ನಕ್ಷತ್ರಗಳ ಓಡಾಟದಿಂದ ಲೆಕ್ಕ ಹಾಕಿದವರು 2011ರಲ್ಲಿ ಸುಮಾರು 660 ಕೋಟಿ ಸೂರ್ಯರಷ್ಟು ಎಂದರು. ಅನಿಲದ ತಿರುಗಾಟ ನೋಡಿದವರಿಗೆ ಅದರ ಅರ್ಧದಷ್ಟು ಬಂತು. 2019ರ ಏಪ್ರಿಲ್‌ನಲ್ಲಿ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಆ ಕಪ್ಪುಕುಳಿಯ ನೆರಳಿನ ಚಿತ್ರ ಕೊಟ್ಟಿತು. ನೆರಳಿನ ಅಗಲದಿಂದ ಬಂದ ತೂಕ 650 ಕೋಟಿ ಸೂರ್ಯರಷ್ಟು. ಬಿಡಿಯಾಗಿ ಕಾಣದ ನಕ್ಷತ್ರಗಳ ಮಸುಕಾದ ಗೆರೆಗಳಿಂದ ತೆಗೆದ ಲೆಕ್ಕ ಸರಿಯಾಗಿತ್ತು! ಈ ವಿಧಾನದ ಮೇಲೆ ನನಗಿರುವ ಗೌರವಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತಿರುಗುವ ಗ್ಯಾಲಕ್ಸಿಗೂ ತಿರುಗದ ಗ್ಯಾಲಕ್ಸಿಗೂ ಇರುವ ವ್ಯತ್ಯಾಸವನ್ನೂ ಈ ಅಳತೆಯೇ ತೋರಿಸಿಕೊಟ್ಟಿತು. ಮೊದಲು ಎಲ್ಲರೂ ನಂಬಿದ್ದು ಹೀಗೆ: ದೀರ್ಘವೃತ್ತದ ಗ್ಯಾಲಕ್ಸಿ ಚಪ್ಪಟೆಯಾಗಿದೆ ಎಂದರೆ ಅದು ತಿರುಗುತ್ತಿರಬೇಕು. 1975ರಲ್ಲಿ ಬೆರ್ತೊಲಾ ಮತ್ತು ಕಪಾಚ್ಚಿಯೋಲಿ ಎನ್‌ಜಿಸಿ 4697 ಎಂಬ ಗ್ಯಾಲಕ್ಸಿಯನ್ನು ಅಳೆದರು. ಅದರ ಚಪ್ಪಟೆತನಕ್ಕೆ ಬೇಕಾದಷ್ಟು ತಿರುಗುವಿಕೆ ಅಲ್ಲಿ ಇರಲಿಲ್ಲ. 1977ರಲ್ಲಿ ಇಲ್ಲಿಂಗ್‌ವರ್ತ್ ಇನ್ನೂ ಕೆಲವು ಗ್ಯಾಲಕ್ಸಿಗಳಲ್ಲಿ ಅದನ್ನೇ ಕಂಡರು. ಹಾಗಾದರೆ ಆಕಾರ ಎಲ್ಲಿಂದ ಬಂತು? ನಕ್ಷತ್ರಗಳು ಒಂದು ದಿಕ್ಕಿನಲ್ಲಿ ಜಾಸ್ತಿ, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಓಡಾಡುವುದರಿಂದ.

ಈಗ ಒಂದು ಸೀಳಿನ ಬೆಳಕು ಮಾತ್ರ ಅಲ್ಲ, ಗ್ಯಾಲಕ್ಸಿಯ ಪ್ರತಿ ಜಾಗದ ರೋಹಿತವನ್ನೂ ಒಟ್ಟಿಗೆ ತೆಗೆಯುವ ಉಪಕರಣಗಳಿವೆ. ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪಿನ ಮ್ಯೂಸ್ ಒಂದೇ ಸಲಕ್ಕೆ ಸುಮಾರು 90 ಸಾವಿರ ರೋಹಿತ ಹಿಡಿಯುತ್ತದೆ. ಅಟ್ಲಾಸ್-3ಡಿ ಎಂಬ ಯೋಜನೆ ಹತ್ತಿರದ 260 ಇಂಥ ಗ್ಯಾಲಕ್ಸಿಗಳನ್ನು ಹೀಗೆ ನೋಡಿತು. ಅದರಲ್ಲಿ 224 ಚೆನ್ನಾಗಿ ತಿರುಗುತ್ತವೆ. 36 ಮಾತ್ರ ನಿಧಾನ. ಕನ್ಯಾ ಗುಚ್ಛದಲ್ಲಿ ಆ ನಿಧಾನದವು ಬಹುಪಾಲು ಗುಚ್ಛದ ನಡುವಿನ ಒತ್ತಾದ ಭಾಗದಲ್ಲೇ ಇವೆ. ನೀವು ನೋಡುವ ಎಂ 84, ಎಂ 86, ಎಂ 87 ಮೂರೂ ಆ ಪಟ್ಟಿಯವು. ಎಂ 86ರ ನಡುಭಾಗ ಉಳಿದ ಗ್ಯಾಲಕ್ಸಿಗಿಂತ ಬೇರೆ ರೀತಿಯಲ್ಲೇ ತಿರುಗುತ್ತಿದೆ. ಹಿಂದೆ ಗ್ಯಾಲಕ್ಸಿಗಳು ಒಂದಕ್ಕೊಂದು ಸೇರಿದ ಗುರುತು ಅದು. ಐಪೀಸಿನಲ್ಲಿ ಒಂದೇ ಥರ ಕಾಣುವ ಮಸುಕು ಮಚ್ಚೆಗಳ ಒಳಗೆ ಇಷ್ಟು ವ್ಯತ್ಯಾಸ ಇದೆ.

ಒಂದು ಮಿತಿಯನ್ನು ಮುಚ್ಚಿಡಬಾರದು. ಡಾಪ್ಲರ್ ತೋರಿಸುವುದು ನಮ್ಮತ್ತ ಅಥವಾ ನಮ್ಮಿಂದ ಆಚೆಯ ವೇಗ ಮಾತ್ರ. ಅಡ್ಡ ಓಡುವುದು ಕಾಣುವುದಿಲ್ಲ. ನಕ್ಷತ್ರಗಳು ನಡುವಿಗೆ ನೇರ ಬಂದು ನೇರ ಹೋಗುವ ಹಾದಿಯಲ್ಲಿದ್ದರೂ, ದುಂಡಗೆ ಸುತ್ತುತ್ತಿದ್ದರೂ, ಬೇರೆ ಬೇರೆ ತೂಕ ಇಟ್ಟುಕೊಂಡು ಒಂದೇ ಸಿಗ್ಮಾ ಬರುವಂತೆ ಮಾಡಬಹುದು. ಇದನ್ನು ಬಿಡಿಸಲು ಗೆರೆಯ ಅಗಲ ಸಾಲದು, ಆಕಾರವೂ ಬೇಕು. ಅದು ಒಂದು ಬದಿಗೆ ವಾಲಿದೆಯೇ, ತುದಿ ಚೂಪೇ, ರೆಕ್ಕೆಗಳು ಉದ್ದವೇ? 1993ರ ನಂತರ ಇದನ್ನೂ ಸಂಖ್ಯೆಯಾಗಿ ಅಳೆಯುತ್ತಾರೆ. ಆದರೆ ಅದಕ್ಕೆ ತುಂಬಾ ಬೆಳಕು ಬೇಕು. ಗ್ಯಾಲಕ್ಸಿಯ ಹೊರ ಅಂಚಿನಲ್ಲಿ ನಕ್ಷತ್ರಗಳ ಬೆಳಕು ರಾತ್ರಿ ಆಕಾಶದ ಬೆಳಕಿಗಿಂತ ಎಷ್ಟೋ ಮಂಕು. ಅಲ್ಲಿ ಗೋಳಾಕಾರದ ನಕ್ಷತ್ರ ಗುಚ್ಛಗಳನ್ನೋ, ಸಾಯುತ್ತಿರುವ ನಕ್ಷತ್ರಗಳು ಬಿಡುವ ಅನಿಲದ ಹೊಳೆಯುವ ಗೆರೆಯನ್ನೋ ಹಿಡಿದು ಒಂದೊಂದಾಗಿ ವೇಗ ಅಳೆಯುತ್ತಾರೆ. ದೂರದ ಗುಚ್ಛಗಳಲ್ಲಿ ಇನ್ನೊಂದು ತೊಂದರೆ. ಬೆಳಕಿನ ಅಲೆ ಎರಡರಷ್ಟು ಹಿಗ್ಗಿದ್ದರೆ 5175ರ ಮೆಗ್ನೀಸಿಯಂ 10350 ಆಂಗ್‌ಸ್ಟ್ರಾಮಿಗೆ ಬಂದು ಬೀಳುತ್ತದೆ. ಅಲ್ಲಿ ನಮ್ಮ ವಾತಾವರಣವೇ ಗೆರೆಗೆರೆಯಾಗಿ ಹೊಳೆಯುತ್ತಿರುತ್ತದೆ.

ಕೊನೆಗೆ ನಿಮ್ಮ ಮೂರನೇ ಪ್ರಶ್ನೆ. ಜಾಗದ ವಿಷಯದಲ್ಲಿ ನೀವು ಅದೃಷ್ಟವಂತರು. ಎಂ 87 ಆಕಾಶದಲ್ಲಿ ಇರುವುದು ಉತ್ತರ 12 ಡಿಗ್ರಿ ಚಿಲ್ಲರೆಯಲ್ಲಿ. ಕೊಡಗೂ ಭೂಮಿಯ ಮೇಲೆ ಉತ್ತರ 12 ಡಿಗ್ರಿ ಚಿಲ್ಲರೆಯಲ್ಲೇ ಇದೆ. ಏಪ್ರಿಲ್ ನಡುವಿನಲ್ಲಿ ರಾತ್ರಿ 11 ಗಂಟೆ ದಾಟಿದ ಮೇಲೆ ಅದು ಮಡಿಕೇರಿ, ನಾಪೋಕ್ಲು, ವಿರಾಜಪೇಟೆಯವರ ನೆತ್ತಿಯ ಮೇಲೇ ಹಾಯುತ್ತದೆ. ಬೆಳಕು ಅತಿ ಕಡಿಮೆ ಗಾಳಿಯನ್ನು ದಾಟಿ ಬರುವುದು ನೆತ್ತಿಯಿಂದಲೇ. ಹೂಮಳೆ ಬಿದ್ದು ಧೂಳು ತೊಳೆದ ಮೇಲೆ ಸಿಗುವ ತಿಳಿ ರಾತ್ರಿಗಳನ್ನು ಬಿಡಬೇಡಿ. ಜೂನ್ ಬಂದರೆ ಮುಗಿಯಿತು.

ಆದರೆ ಎಂಟು ಇಂಚಿನಲ್ಲಿ ಸಿಗ್ಮಾ ಅಳೆಯುವುದು ಆಗದು. ಹವ್ಯಾಸಿಗಳು ಐಪೀಸಿಗೆ ತಿರುಗಿಸಿ ಹಾಕುವ, ಬೆಳಕನ್ನು ಬಣ್ಣಗಳಾಗಿ ಹರಡುವ ಸಣ್ಣ ಗ್ರೇಟಿಂಗ್‌ನ ಬಿಡಿಸುವ ಶಕ್ತಿ 100ರ ಆಸುಪಾಸು. ಅದರ ಮಸುಕೇ ಸೆಕೆಂಡಿಗೆ ಸಾವಿರಾರು ಕಿ.ಮೀ. 300 ಅದರಲ್ಲಿ ಮುಳುಗಿಹೋಗುತ್ತದೆ. ಅದರಿಂದ ಬೇರೆ ಒಂದು ಒಳ್ಳೆಯ ಕೆಲಸ ಆಗುತ್ತದೆ. ಕನ್ಯಾ ರಾಶಿಯಲ್ಲೇ ಇರುವ 3ಸಿ 273 ಎಂಬ, ತುಂಬಾ ದೂರದ ಗ್ಯಾಲಕ್ಸಿಯ ಅತಿ ಹೊಳಪಿನ ನಡುಭಾಗವಾದ ಕ್ವೇಸಾರ್‌ನ ಗೆರೆಗಳು ಸುಮಾರು ಶೇಕಡ 16ರಷ್ಟು ಕೆಂಪಿಗೆ ಸರಿದಿವೆ. ಕ್ಯಾಮೆರಾ ಮತ್ತು ಆಕಾಶದ ಜೊತೆ ತಾನೇ ತಿರುಗುವ ಸ್ಟ್ಯಾಂಡ್ ಇದ್ದರೆ ಹವ್ಯಾಸಿಗಳಿಗೂ ಅದು ಸಿಗುತ್ತದೆ.

ಸಿಗ್ಮಾವನ್ನು ಮಾತ್ರ ಮೇಜಿನ ಮುಂದೆ ಕೂತು ಅಳೆಯಿರಿ. ಸ್ಲೋನ್ ಸರ್ವೆಯ ಲಕ್ಷಾಂತರ ರೋಹಿತಗಳು ಎಲ್ಲರಿಗೂ ಉಚಿತ. ಕೋಮಾ ಗುಚ್ಛದ ಗ್ಯಾಲಕ್ಸಿಗಳು ಅದರಲ್ಲಿ ಬೇಕಾದಷ್ಟಿವೆ. ಪಿಪಿಎಕ್ಸ್‌ಎಫ್ ಕೂಡ ಕಂಪ್ಯೂಟರ್ ಭಾಷೆಯಾದ ಪೈಥಾನ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಜೊತೆಗೆ ಉದಾಹರಣೆಗಳೂ ಇವೆ. ಪೈಥಾನ್ ಬರದಿದ್ದರೆ ಮಡಿಕೇರಿಯ ಅಥವಾ ವಿರಾಜಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಅವರಿಗೂ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆ ಕೆಲಸ ನನಗೆ ತೋಚುವುದಿಲ್ಲ.

ಮೊದಲು ಹೊಳಪಾದ, ಕೆಂಪಾದ ಒಂದು ಗ್ಯಾಲಕ್ಸಿ ಆರಿಸಿ. ಅದರ ರೋಹಿತ ಇಳಿಸಿಕೊಂಡು ಗ್ರಾಫ್ ಮಾಡಿ. ಕೋಮಾ ಗುಚ್ಛ ದೂರ ಸರಿಯುವುದರಿಂದ ಮೆಗ್ನೀಸಿಯಂ ಗೆರೆಗಳು 5290ರ ಹತ್ತಿರ ಸಿಗಬೇಕು. ಅದನ್ನು ಕಣ್ಣಿನಲ್ಲೇ ಗುರುತಿಸಿ, ಆಮೇಲೆ ಕಂಪ್ಯೂಟರಿಗೆ ಕೊಡಿ. ಒಮ್ಮೆ ಮೆಗ್ನೀಸಿಯಂ ಸೇರಿಸಿ ಸಿಗ್ಮಾ ತೆಗೆಯಿರಿ, ಒಮ್ಮೆ ಬಿಟ್ಟು ತೆಗೆಯಿರಿ. ಎರಡೂ ಹತ್ತಿರ ಬಂದರೆ ಸ್ಲೋನ್‌ನವರೇ ಕೊಟ್ಟಿರುವ ಸಿಗ್ಮಾದ ಜೊತೆ ಹೋಲಿಸಿ. ತುಂಬಾ ವ್ಯತ್ಯಾಸ ಬಂದರೆ ಬೇರೆಲ್ಲೂ ಹುಡುಕಬೇಡಿ. ನಿಮ್ಮ ಮಾದರಿ ನಕ್ಷತ್ರಗಳ ರೋಹಿತ ತೆಗೆದ ಉಪಕರಣದ ಮಸುಕು ಬೇರೆ, ಸ್ಲೋನ್‌ನ ಮಸುಕು ಬೇರೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದಿದ್ದೀರಾ ಎಂದು ಮೊದಲು ನೋಡಿ. ಹತ್ತರಲ್ಲಿ ಒಂಬತ್ತು ಸಲ ತಪ್ಪಿರುವುದು ಅಲ್ಲೇ.